ಸುಣ್ಣ ಬಳಿದ ಪುಣ್ಯಾತ್ಮ

ಉದ್ಯಾನದೊಳಗಿನ ಹಳೇ ಮನೆಗೆ ನನ್ನಪ್ಪ ಮೂವತ್ತು ವರ್ಷ ಸುಣ್ಣ ಬಳಿದ. ವರ್ಷವರ್ಷವೂ ಬಳಿಸಿದ್ದು ಅಲ್ಲಿನ ಸಮಿತಿಯವರೇ. ಸುಣ್ಣ ಅವನ ಬೆರಳುಗಳನ್ನು ತಿಂದಿತು, ಒಂದು ಕಣ್ಣನ್ನೂ ತಿಂದಿತು.

ಆ ಮನೆಯ ಜೀರ್ಣೋದ್ಧಾರಕ್ಕೆಂದು ಸಮಿತಿ ದೊಡ್ಡ ಔತಣ ಇಟ್ಟಿತು. ಅವರು ಚಂದಾ ಎತ್ತುತ್ತಿದ್ದರು, ನಾನು ಎಂಜಲು ತಟ್ಟೆ ಎತ್ತುತ್ತಿದ್ದೆ. ಅಪ್ಪನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆ.

ಸುಣ್ಣ ಕೆರೆದಾಗ ಗೋಡೆಯಲ್ಲಿ ಸಿಕ್ಕ ಹೂಬಳ್ಳಿಯ ಚಿತ್ರವನ್ನು ಪರದೆಯ ಮೇಲೆ ತೋರಿಸುತ್ತ ಅಧ್ಯಕ್ಷೆ ಕುಟುಕಿದರು: "ಇಂಥ ಚಿತ್ರದ ಮೇಲೆ ಸುಣ್ಣ ಬಳಿದ ಪುಣ್ಯಾತ್ಮ ಯಾರಪ್ಪಾ!"

ಕಿವಿ ಮಂದವಾದ ಅಪ್ಪನಿಗೆ ಕೇಳಿಸಿದ್ದು ಸುಣ್ಣ, ಪುಣ್ಯಾತ್ಮ, ಯಾರು ಮೂರೇ. ಎದ್ದು ಕೈಮುಗಿದ.

"ನಾನೇ, ಅಮ್ಮಾ."

ಸಭೆ ಗೊಳ್ಳೆಂದು ನಕ್ಕಿತು. ನಾನು ಓಡಿಹೋಗಿ ಅಂಗಿ ಜಗ್ಗಿದೆ. "ಕೂತ್ಕೋ ಅಪ್ಪಾ."

"ಬಿಡೇ," ಎಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ. "ಈಗ್ಲಾದ್ರೂ ಯಾರು ಅಂತ ಕೇಳಿದ್ರಲ್ಲ."