ಉತ್ತರಕ್ಕ ತಲಿ ಇಟ್ಟ ಟಬ್ಬು

೧೯೪೩ರಲ್ಲಿ ನಾನು ಸಾಲಿ ಬಿಟ್ಟೆ. ನಾಲ್ಕನೇ ಇಯತ್ತೆ ಮುಗಿದಿತ್ತು. ಮೈಂದರ್ಗಿಯಲ್ಲಿ ಅಪ್ಪ ಗೌಂಡಿ. ಅವನ ಕೈಯ ಕರಣಿ ನನ್ನ ಕೈಗೆ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸೊಲ್ಲಾಪುರದ ಒಬ್ಬ ವಕೀಲಸಾಹೇಬರು ಮೂರು ವಾರದಲ್ಲಿ ಮೂವತ್ತು ಸಲ ಇದನ್ನು ನನಗೆ ನೆನಪು ಮಾಡಿಕೊಟ್ಟಿದ್ದಾರೆ.

ಇಸವಿ ಐವತ್ತನಾಲ್ಕೋ ಐವತ್ತೈದೋ ಇರಬೇಕು. ಬಚ್ಚಲು ಒಡೆದು ಹೊಸದು ಮಾಡಲಿಕ್ಕೆ ಅವರು ನನ್ನನ್ನು ಕರೆಸಿದರು. ಹೋಗಿ ನೋಡಿದರೆ ಅಂಗಳದಲ್ಲಿ ಒಂದು ಬಿಳಿ ಟಬ್ಬು ಕೂತಿತ್ತು. ಯಾರೋ ಇಂಗ್ರೇಜಿ ಸಾಹೇಬ ಬಂಗಲೆ ಖಾಲಿ ಮಾಡಿದಾಗ ಲಿಲಾವಿನಲ್ಲಿ ಹಿಡಿದದ್ದಂತೆ. ನಾಲ್ಕು ಕಬ್ಬಿಣದ ಕಾಲು, ಕಾಲಿಗೆ ಹುಲಿಯ ಉಗುರು. ಇಂಗ್ರೇಜರನ್ನು ಓಡಿಸಿದೆವು ಎಂದು ಎದೆ ತಟ್ಟಿಕೊಳ್ಳುತ್ತಿದ್ದ ವಕೀಲರು, ಅವರು ಮೈ ತೊಳೆದ ದೋಣಿಯನ್ನು ಮಾತ್ರ ಹಗ್ಗ ಕಟ್ಟಿ ಮನೆಗೆ ಎಳೆಸಿಕೊಂಡಿದ್ದರು.

ಪುಣೆಯಿಂದ ಬಂದಿದ್ದ ಅವರ ಹೆಂಡತಿಯ ತಮ್ಮನಿಗೆ ಟಬ್ಬು ಸೇರಲಿಲ್ಲ. "ದಾಜೀ, ಇದೆಲ್ಲಾ ಹಳೇದಾತು. ಈಗ ಶಾವರ್. ಮ್ಯಾಲ ಟಾಕಿ, ಕೆಳಗ ನಿಂತ್ರ ಮುಗೀತು," ಅಂದ ಅಕ್ಕನ ಗಂಡನಿಗೆ.

"ಟಾಕಿಗೆ ನೀರು ಯಾರು ಏರಿಸ್ತಾರ್ರಿ? ನಳದಾಗ ಅಷ್ಟು ಜೋರಿಲ್ಲ," ಅಂದೆ.

"ಆಳು ಇಡೂದು. ಬಕೀಟು ಹೊತ್ತು ಏರ್ತಾನ," ಅಂದ ಮೈದುನ.

ಒಬ್ಬನ ಮೈಮೇಲೆ ನೀರು ತಾನಾಗಿ ಬೀಳಲಿಕ್ಕೆ ಇನ್ನೊಬ್ಬ ಹೊತ್ತು ಏರಬೇಕು. ಇದಕ್ಕೆ ಅವರು ಸುಧಾರಣೆ ಅನ್ನುತ್ತಿದ್ದರು.

ಎಂಟು ದಿನ ಇಬ್ಬರೂ ವಾದ ಮಾಡಿದರು. ಬಚ್ಚಲಲ್ಲಿದ್ದ ಕರಿಕಲ್ಲನ್ನು ಕೀಳಿಸುವ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ವಕೀಲರ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು, ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿನ ಮೇಲೆ ಕೂತೇ ಜಳಕ ಮಾಡಿದವರು. ಈಗ ಮೊಣಕಾಲು ಹಿಡಿದುಹೋಗಿತ್ತು. ಟಬ್ಬು ಹತ್ತಲಾರರು, ಶಾವರಿನ ಕೆಳಗೆ ನಿಲ್ಲಲಾರರು. ಅವರನ್ನು ಯಾರೂ ಕೇಳಲಿಲ್ಲ. ಮೊಣಕಾಲಿನ ಮಾತನ್ನು ನಾನೇ ಎತ್ತಿದೆ.

"ನಾಕನೇತ್ತಿ ಕಲ್ತಾವ ನೀ. ಹೇಳಿದಷ್ಟ ಮಾಡು," ಅಂದರು ವಕೀಲರು.

ಕಲ್ಲು ಕಿತ್ತೆ. ಒಡೆದು ಚೂರು ಮಾಡು ಅಂದಿದ್ದರು. ಅದೊಂದು ಮಾಡಲಿಲ್ಲ, ಹಿತ್ತಲ ಗೋಡೆಗೆ ಆನಿಸಿಟ್ಟೆ. ಆಯಿ ಬಂದು ಅದರ ಮೇಲೆ ಅಂಗೈ ಇಟ್ಟು, "ತಮ್ಮಾ, ಇನ್ನ ನಾ ಎಲ್ಲಿ ಕೂಡಲಿ?" ಅಂದರು. ನಾನು ಸಿಮೆಂಟು ಕಲಸಲಿಕ್ಕೆ ಹೋದೆ.

ಕಡೆಗೆ ಟಬ್ಬು ಗೆದ್ದಿತು. ಬಚ್ಚಲು ಸಣ್ಣದು, ಟಬ್ಬು ಉದ್ದ. ಮೋರಿ ಇದ್ದದ್ದು ದಕ್ಷಿಣದ ಗೋಡೆಗೆ, ಟಬ್ಬಿನ ತೂತು ಕಾಲಿನ ಕಡೆಗೆ. ಅಂದಮೇಲೆ ಮಲಗಿದವರ ಕಾಲು ದಕ್ಷಿಣಕ್ಕೆ, ತಲೆ ಉತ್ತರಕ್ಕೆ. ಅಳತೆ ಹಿಡಿದ ದಿನವೇ ಇದು ನನಗೆ ಹೊಳೆದಿತ್ತು. ಹೇಳಬಹುದಿತ್ತು. ಹೇಳಿದಷ್ಟ ಮಾಡು ಅಂದಿದ್ದರಲ್ಲ, ಮಾಡಿದೆ.

ಕೆಲಸ ಮುಗಿದ ಮುಂಜಾನೆ ನಳ ಬಂದಾಗಿನಿಂದ ನಿಲ್ಲುವ ತನಕ ಟಬ್ಬು ತುಂಬುತ್ತಲೇ ಇತ್ತು. ಕುಡಿಯಲಿಕ್ಕೆ ಮನೆಯಲ್ಲಿ ಒಂದು ಚರಿಗೆ ನೀರು ಉಳಿಯಲಿಲ್ಲ. ವಕೀಲರು ಬಿಳಿ ಧೋತರ ಉಟ್ಟೇ ಒಳಗಿಳಿದು ಉದ್ದಕ್ಕೆ ಮಲಗಿದರು. ಬಾಗಿಲು ತೆಗೆಸಿ, "ಎಲ್ಲಾರೂ ಬಂದು ನೋಡ್ರಿ!" ಎಂದು ಕೂಗಿ, ಸುಖಕ್ಕೆ ಕಣ್ಣು ಮುಚ್ಚಿದರು. ಆಯಿ ಕೋಲೂರುತ್ತ ಬಾಗಿಲಿಗೆ ಬಂದು ನಿಂತರು.

"ಉತ್ತರಕ್ಕ ತಲಿ," ಅಂದರು. "ಮಲಗಿಸಿ ಜಳಕ. ಮೈಮ್ಯಾಲ ಬಿಳಿ ಬಟ್ಟಿ. ಇನ್ನ ಬಾಯಾಗ ತುಳಸಿ ನೀರು ಬಿಡೂದೊಂದ ಉಳೀತು. ಯಾರು ಬಿಡ್ತೀರಿ?"

ಮೂಢನಂಬಿಕೆಯ ಮೇಲೆ ತಾಸುಗಟ್ಟಲೆ ಭಾಷಣ ಮಾಡುವ ಮನುಷ್ಯ ಅವರು. ಅಷ್ಟು ಚುರುಕಾಗಿ ಎದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅರ್ಧ ನೀರು ನನ್ನ ಹೊಸ ಶಾಬಾದಿ ಫರಸಿಯ ಮೇಲೆ ಚೆಲ್ಲಿತು. ನೆಲಕ್ಕೆ ನೀರಿಳಿಯುವ ವಾಟ ಸರಿಯಾಗಿ ಕೊಟ್ಟಿದ್ದೆ. ಎಲ್ಲೂ ನಿಲ್ಲದೆ ಇಳಿದು ಮೋರಿಗೆ ಹೋಯಿತು.

"ನಾ ಅವಾಗ ಹೇಳಿದ್ನಿ ದಾಜೀ, ಶಾವರ್..." ಎಂದು ಮೈದುನ ಬಾಯಿ ತೆಗೆದ.

"ದಿನಾ ತಲಿಮ್ಯಾಲ ನೀರು ಹಾಕ್ಕೊಳ್ಳಾಕ," ಅಂದರು ಆಯಿ, "ಈ ಮನಿಗೆ ದಿನಾ ಯಾರು ಸತ್ತ ಸುದ್ದಿ ಬರತೈತೋ?"

ಒಳಗಿನಿಂದ ಸೊಸೆ ನಕ್ಕದ್ದು ಕೇಳಿಸಿತು. ಶಾವರ್ ಬಂದರೆ ದಿನಾ ಮೊಣಕಾಲುದ್ದದ ಕೂದಲು ಒಣಗಿಸಬೇಕಾದವರು ಅವರೇ.

ಮರುದಿನ ಟಬ್ಬು ಹಿತ್ತಲಿಗೆ ಹೋಯಿತು, ಕಲ್ಲು ಬಚ್ಚಲಿಗೆ ಬಂತು. ಅದನ್ನು ಕೂಡಿಸಿ ಹೊರಗೆ ಬಂದರೆ ವಕೀಲರು ಕಟ್ಟೆಯ ಮೇಲೆ ನಿಂತು ಓಣಿಯವರಿಗೆ ಹೇಳುತ್ತಿದ್ದರು: "ಗೌಂಡಿ ದಿಕ್ಕು ತಪ್ಪಿಸಿ ಕೂಡ್ಸಿಬಿಟ್ಟ. ನಾಕನೇತ್ತಿ ಕಲ್ತಾವ, ಏನ ಮಾಡ್ತೀರಿ."

ಮೈ ಉರಿಯಿತು. ಕರಣಿ ಕೆಳಗಿಟ್ಟು ಎರಡು ಮಾತು ಆಡಿಯೇ ಹೋಗಬೇಕು ಅಂತ ತಿರುಗಿದೆ. ಅಷ್ಟರಲ್ಲಿ ಬಚ್ಚಲಿನಲ್ಲಿ ಚರಿಗೆಯಿಂದ ನೀರು ಸುರಿದ ಸಪ್ಪಳ, ಹಿಂದೆಯೇ ಆಯಿಯ ದನಿ:

"ತಮ್ಮಾ, ಒಂಚೂರೂ ಅಲಗಾಡಂಗಿಲ್ಲ ನೋಡು!"

ಆ ಎರಡು ಮಾತು ಆಡದೆ ಬಸ್ಸು ಹಿಡಿದೆ.

ಈಗ ಅಕ್ಕಲಕೋಟದಲ್ಲಿ ನಾನೇ ಕಟ್ಟಿದ ಮೂರು ಖೋಲಿಯ ಮನೆ ಇದೆ. ಕರಣಿ ಎರಡು, ತೂಗುಗುಂಡು ಒಂದು. ಬಚ್ಚಲು ಒಂದು, ಅದರೊಳಗೆ ಹಂಡೆ ಒಂದು, ಚರಿಗೆ ಎರಡು, ಕೂಡುವ ಕಲ್ಲು ಒಂದು.