ಕತ್ತರಿಯಕ್ಕ ಹೊಡೆದುಹಾಕಿದ ನಾಲ್ಕು ಪದ

ನೀರಿನ ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕತ್ತರಿಯಕ್ಕ ಎಂದೇ. ಯಾರೇ ಸಂಶೋಧನಾ ಪ್ರಬಂಧ ಬರೆಯಲಿ, ಮೊದಲ ಪುಟದ ಸಾರಾಂಶ ಅವರ ಮೇಜಿಗೆ ಬರಬೇಕು. ವಿಜ್ಞಾನಿಗಳು ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಓದು ಬಂದವರಿಗೆಲ್ಲ ತಿಳಿಯುವಂತೆ ಮಾಡುತ್ತಿದ್ದರು. "ಸಾರಾಂಶ ಅಂದ್ರೆ ಬಸ್ಸಲ್ಲಿ ನಿಂತ್ಕೊಂಡು ಓದಿದ್ರೂ ಅರ್ಥ ಆಗ್ಬೇಕು ಕಣ್ರೀ" ಎಂದು ಜಂಬ ಬೇರೆ. ಜಂಬಪಡುವಷ್ಟು ಕೆಲಸವೂ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಅವರದೇ ಒಂದು ಪ್ರಬಂಧದ ಸರದಿ ಬಂತು, ಕೊಳವೆಬಾವಿ ನೀರಿನಲ್ಲಿ ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್ ತೆಗೆಯುವ ಅಗ್ಗದ ಫಿಲ್ಟರ್ ಬಗ್ಗೆ. ಅಚ್ಚು ಹಾಕುವ ವಿಜ್ಞಾನ ಪತ್ರಿಕೆಯವರು ಸಾರಾಂಶಕ್ಕೆ ಕೊಟ್ಟಿದ್ದು ಇನ್ನೂರೇ ಪದ. ಎಣಿಸಿದರೆ ಇನ್ನೂರ ನಾಲ್ಕು. ಫಿಲ್ಟರ್ ಫ್ಲೋರೈಡ್ ತೆಗೆಯುತ್ತದೆ ಎಂಬ ವಾಕ್ಯದಿಂದ 'ಮೊದಲ ಮೂರು ತಿಂಗಳು ಮಾತ್ರ' ಎಂಬುದನ್ನು ಹೊಡೆದರು. ಏಳನೇ ಪುಟದಲ್ಲಿ ಹೇಗೂ ಇದೆಯಲ್ಲ ಎಂದುಕೊಂಡರು. ನಿಜವೆಂದರೆ, ಆ ನಾಲ್ಕು ಪದ ಹೋದ ಮೇಲೆ ವಾಕ್ಯವೂ ಚಂದ ಕಂಡಿತು, ಫಿಲ್ಟರೂ ಚಂದ ಕಂಡಿತು.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಲೆಯೊಂದರ ಹೆಡ್‌ಮಿಸ್ ಅವರನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಆ ಸಾರಾಂಶದ ಪ್ರತಿ, ಮಡಿಕೆ ಹರಿದಲ್ಲೆಲ್ಲ ಟೇಪು ಅಂಟಿಸಿತ್ತು.

"ಮೇಡಂ, ಏನೇನೋ ಓದಿದ್ವಿ, ಒಂದೂ ತಲೆಗೆ ಹತ್ತಲಿಲ್ಲ. ನಿಮ್ದೊಂದೇ ಅರ್ಥ ಆಗಿದ್ದು. ಇದನ್ನೇ ನಂಬ್ಕೊಂಡು ಫಿಲ್ಟರ್ ಹಾಕಿಸಿದ್ವಿ. ಹನ್ನೊಂದು ತಿಂಗಳಿಂದ ಮಕ್ಕಳೆಲ್ಲ ಅದೇ ನೀರು ಕುಡೀತಿದಾರೆ. ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಕತ್ತರಿಯಕ್ಕ ಕೈಲಿದ್ದ ಪೆನ್ನು ಕೆಳಗಿಟ್ಟರು. "ಫಿಲ್ಟರ್ ಒಳಗಿನ ಪುಡಿ ಬದಲಾಯಿಸಿದ್ರಾ?"

"ಬದಲಾಯಿಸ್ಬೇಕಾ? ಇದ್ರಲ್ಲಿ ಹಾಗಂತ ಇಲ್ವಲ್ಲ?"

"ಏಳನೇ ಪುಟದಲ್ಲಿದೆ."

"ಮಿಕ್ಕಿದ್ದು ಓದೋಕೆ ಚಂದಾದಾರರಾಗ್ಬೇಕಂತೆ, ಮೇಡಂ. ನಮಗೆ ಸಿಕ್ಕಿದ್ದು ಈ ಪುಟ ಒಂದೇ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿ ಅಂಥ ಉಪಕಾರ ಯಾರಿಗೂ ಮಾಡುವುದಿಲ್ಲ. ಪದಮಿತಿ ಪತ್ರಿಕೆಯವರದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

"ಮೂರು ತಿಂಗಳಾದ್ಮೇಲೆ ಆ ಪುಡಿ ಕೆಲ್ಸ ಮಾಡಲ್ಲ. ನನಗೆ ಗೊತ್ತಿತ್ತು. ಆ ಮಾತು ಈ ಪುಟದಲ್ಲಿತ್ತು, ನಾನೇ ಹೊಡೆದುಹಾಕಿದೆ."

ಹೆಡ್‌ಮಿಸ್ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಫೋನ್ ತೆಗೆದು ಶಾಲೆಗೆ ಮಾಡಿದರು.

"ಕುಡಿಯೋ ನಲ್ಲಿ ಮುಚ್ಚಿಸಿ, ಈಗ್ಲೇ. ಇಲ್ಲ ಇಲ್ಲ, ಬರೆದೋರ ತಪ್ಪೇನಿಲ್ಲ. ನಾನೇ ಸರಿಯಾಗಿ ಓದಿರ್ಲಿಲ್ಲ."

ಎದುರಿಗೆ ಕೂತ ಕತ್ತರಿಯಕ್ಕನಿಗೆ ಮುಖ ಎತ್ತಲಾಗಲಿಲ್ಲ.