ಮೇಷ್ಟ್ರು ಬರೆದ ಓಕೆ

ಅವರ ಬಿಳಿ ಶರ್ಟಿನ ಜೇಬಿನ ಕೆಳಗೆ ಯಾವಾಗಲೂ ಒಂದು ಕೆಂಪು ಮಸಿಯ ಕಲೆ. ಎಷ್ಟು ಒಗೆದರೂ ಹೋಗದೆ, ಎಲೆಅಡಿಕೆ ಉಗುಳಿನ ಬಣ್ಣಕ್ಕೆ ಬಂದು ನಿಂತಿತ್ತು. ಕಿರುಗಾವಲು ಕಡೆಯ ನಮ್ಮ ಹೈಸ್ಕೂಲಿಗೆ ಹೊಳಲಿನಿಂದ ಬಸ್ಸು ಬದಲಾಯಿಸಿ ಬರುತ್ತಿದ್ದ ಇಂಗ್ಲಿಷ್ ಮೇಷ್ಟ್ರು. ಬರುವಷ್ಟರಲ್ಲೇ ಅರ್ಧ ಸುಸ್ತು. ಆದರೂ ನಮ್ಮ ನೋಟ್ಸನ್ನು ಸಾಲು ಬಿಡದೆ ಓದಿಯೇ ಕೊನೆಗೆ ‘ಓಕೆ’ ಎಂದು ಬರೆಯುತ್ತಿದ್ದರು. ಉಳಿದ ಮೇಷ್ಟ್ರುಗಳು ಓದದೆ ಪುಟ ತಿರುವಿ ಗೀಚುತ್ತಿದ್ದುದು ನಮಗೆಲ್ಲ ಗೊತ್ತಿತ್ತು.

“ಓಕೆ ಅನ್ನೋದು ಎಲ್ಲಿಂದ ಬಂತು ಸಾ?” ಎಂದು ಒಮ್ಮೆ ಕೇಳಿದೆ.

“ಗೊತ್ತಿಲ್ಲ ಕಣವ್ವ. ನೋಡ್ಕಂಡು ಬತ್ತೀನಿ.”

ಗೊತ್ತಿಲ್ಲ ಎಂದ ಮೇಷ್ಟ್ರನ್ನು ಕಂಡದ್ದು ಅದೇ ಮೊದಲು. ವಾರದ ಮೇಲೆ ಮಂಡ್ಯದ ಲೈಬ್ರರಿಯಿಂದ ಚೀಟಿ ಬರೆದುಕೊಂಡು ಬಂದರು. ಅಮೆರಿಕದ ಪತ್ರಿಕೆಯವರು ಎಲ್ಲಾ ಸರಿಯಾಗಿದೆ ಎನ್ನುವ ‘ಆಲ್ ಕರೆಕ್ಟ್’ ಅನ್ನು ತಮಾಷೆಗೆ ‘ಓಲ್ ಕೊರೆಕ್ಟ್’ ಎಂದು ತಪ್ಪಾಗಿ ಬರೆದು, ಎರಡು ಪದಗಳ ಮೊದಲಕ್ಷರ ಮಾತ್ರ ಉಳಿಸಿಕೊಂಡರಂತೆ. ಅಲ್ಲ, ಅಲ್ಲಿನ ಮೂಲನಿವಾಸಿಗಳ ಮಾತು ಎನ್ನುವವರೂ ಉಂಟಂತೆ.

“ಈಗ ಸರಿ ಅನ್ನಕ್ಕೂ ಓಕೆ, ಆಯ್ತು ಬುಡು ಅನ್ನಕ್ಕೂ ಓಕೆ, ಸಾಕು ಎದ್ದೋಗು ಅನ್ನಕ್ಕೂ ಓಕೆ. ನಾನು ಬರುದ್ರೆ ಮಾತ್ರ ಓದಿವ್ನಿ ಅಂತ ಅರ್ಥ.”

ಅವರ ಹೆಂಡತಿ ಆಸ್ಪತ್ರೆ ಸೇರಿದ್ದ ವಾರ, ಸೋಮಾರಿತನಕ್ಕೆ ನಾನು ಪ್ರಬಂಧದಲ್ಲಿ ಒಂದೇ ಪ್ಯಾರಾವನ್ನು ಮೂರು ಸಲ ಬರೆದಿದ್ದೆ. ಅದಕ್ಕೂ ಓಕೆ ಬಿತ್ತು. ಎಲ್ಲರಿಗೂ ತೋರಿಸಿ ನಕ್ಕೆ. ಸೋಮವಾರ ಅವರು ನೋಟ್ಸುಗಳನ್ನೆಲ್ಲ ವಾಪಸ್ಸು ಕೇಳಿದರು.

“ಓದ್ದೆ ಬರುದ್ಬುಟ್ಟೆ. ತಪ್ಪಾಯ್ತು ಕಣ್ರಪ್ಪಾ” ಎಂದು ಒಂದೊಂದರಲ್ಲೂ ತಮ್ಮ ಓಕೆಯನ್ನು ತಾವೇ ಹೊಡೆದುಹಾಕಿದರು. ಮತ್ತೆ ಮೊದಲಿಂದ ಓದಿದರು. ನನಗೆ ತಲೆ ಎತ್ತಲಾಗಲಿಲ್ಲ.

ಈಗ ಮಳವಳ್ಳಿಯಲ್ಲಿ ನಾನೂ ಟೀಚರು. ನೋಟ್ಸಿನ ಕಟ್ಟು, ಮೀಟಿಂಗು, ಮನೆಕೆಲಸ. ಬೆಳಗ್ಗೆ ಏಳುವಾಗಲೇ ದಣಿವು. ಹೋದ ವರ್ಷ ಅವರನ್ನು ನೋಡಲು ಹೊಳಲಿಗೆ ಹೋದೆ. ಹಾಸಿಗೆ ಹಿಡಿದಿದ್ದರು.

“ಓಕೆನಾ ಸಾ?” ಬಾಯಿಗೆ ಬಂದದ್ದು ಅದೇ.

“ಇಲ್ಲ ಕಣವ್ವ. ಸಾಕಾಗ್ಬುಟ್ಟದೆ. ನೀನು?”

“ಓಕೆ ಸಾ.”

ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

“ಓದ್ದೆ ಬರೀಬ್ಯಾಡ” ಎಂದರು.

ಅಲ್ಲೇ ಕೂತು ಅತ್ತುಬಿಟ್ಟೆ. ಹದಿನೈದು ದಿನಕ್ಕೆ ಅವರು ಹೋದರು.

ಆ ಮನುಷ್ಯ ನನ್ನ ನೆಮ್ಮದಿ ಹಾಳುಮಾಡಿಯೇ ಹೋದರು. ಕಣ್ಣು ಎಳೆಯುತ್ತಿರುತ್ತದೆ, ಇನ್ನೂ ಇಪ್ಪತ್ತು ನೋಟ್ಸು ಉಳಿದಿರುತ್ತವೆ, ಕೈ ತಾನಾಗಿ ಓಕೆಯ ಮೊದಲ ಸೊನ್ನೆ ಸುತ್ತಿರುತ್ತದೆ. ಅಲ್ಲಿಗೇ ಪೆನ್ನು ನಿಲ್ಲಿಸಿ, ಪುಟ ಹಿಂದಕ್ಕೆ ತಿರುವಿ ಮೊದಲಿಂದ ಓದುತ್ತೇನೆ.